ಬಯಲುಸೀಮೆಯ ಹುಣಿಸೆ

ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ಕನ್ನಡಿಗರ ಹೋಟೆಲು ಎಂದೊಡನೆ ಗಿರಾಕಿಯ ಮನಸ್ಸಿಗೆ ಬರುವುದು ಸಾಂಬಾರು. ಅದರ ಬೇಳೆ, ಮೆಣಸಿನಕಾಯಿ, ಕೊತ್ತಂಬರಿಗಳ ವಿಚಾರವಾಗಿ ನಮ್ಮ ಅಡಿಗೆಭಟ್ಟರು ಗಂಟೆಗಟ್ಟಲೆ ವಾದಿಸಬಲ್ಲರು. ಹುಣಿಸೆಯ ಹಣ್ಣಿನ ಮಾತು ಬಂದಾಗ ಮಾತ್ರ ‘ಹಳೆಯದೋ, ಹೊಸದೋ’ ಎಂಬ ಒಂದೇ ಪ್ರಶ್ನೆಯಲ್ಲಿ ವಿಚಾರಣೆ ಮುಗಿದುಹೋಗುವುದು. ಆ ಹಣ್ಣು ಎಲ್ಲಿಯ ನೆಲದ್ದು, ಅದನ್ನು ಕೊಡುವ ಮರದ ಸ್ಥಿತಿ ಈಗ ಏನು ಎಂಬುದನ್ನು ವಾಚಕರ ಮುಂದಿಡಬೇಕೆಂದು ನಮಗೆ ಬಹು ದಿನಗಳಿಂದ ಇದ್ದಿತು.

ಇಲ್ಲಿಯ ಮಲೆಯಾಳಿಗಳು ಹುಳಿಯಲ್ಲಿ ಎರಡು ಜಾತಿ ಮಾಡಿರುವರು. ‘ವಾಳನ್‌ಪುಳಿ’ ಎಂದರೆ ನಮ್ಮ ಹುಣಿಸೆ. ‘ಕುಡಂಪುಳಿ’ ಎಂದರೆ ಮೀನಿನ ಸಾರಿಗೆ ಹಾಕುವ, ಹೊಗೆಯಲ್ಲಿ ಒಣಗಿಸಿದ ಕಪ್ಪು ಹುಳಿ. ಊರಿನಿಂದ ಹೊಸದಾಗಿ ಬಂದ ಹುಡುಗನು ಅಂಗಡಿಯಲ್ಲಿ ಬರಿಯ ‘ಪುಳಿ’ ಎಂದು ಕೇಳಿ, ಕುಡಂಪುಳಿಯ ಪೊಟ್ಟಣವನ್ನು ತಂದು ಭಟ್ಟರಿಂದ ಬೈಗುಳ ತಿನ್ನುವುದೂ ಉಂಟು. ಕುಡಂಪುಳಿಯು ಪಶ್ಚಿಮಘಟ್ಟದ ಮಳೆಕಾಡಿನ ಮರ. ನಮ್ಮ ಮಲೆನಾಡಿನವರು ಅದನ್ನು ಉಪ್ಪಗೆ ಎಂದು ಬಲ್ಲರು. ಕರಾವಳಿಯ ಪುನರ್ಪುಳಿ ಅದರ ದಾಯಾದಿ. ಹುಣಿಸೆಯಾದರೋ ಇವೆರಡಕ್ಕೂ ಯಾವ ವಿಧದಲ್ಲೂ ನಂಟಲ್ಲ. ಅದು ಅವರೆ, ತೊಗರಿಗಳ ಕುಲಕ್ಕೆ ಸೇರಿದುದು. ಅದರ ಮೂಲ ತವರು ಆಫ್ರಿಕ ಖಂಡವೆಂದು ಸಸ್ಯಶಾಸ್ತ್ರಜ್ಞರು ಹೇಳುವರು. ಎಷ್ಟೋ ಕಾಲದ ಹಿಂದೆಯೇ ನಮ್ಮ ದೇಶಕ್ಕೆ ಬಂದು ನಮ್ಮದೇ ಆಗಿಬಿಟ್ಟ ಈ ಹಣ್ಣನ್ನು ಅರಬ್ಬೀ ವರ್ತಕರು ‘ತಮರ್ ಹಿಂದಿ’, ಅಂದರೆ ಹಿಂದೂದೇಶದ ಖರ್ಜೂರ ಎಂದು ಕರೆದರು. ಇಂಗ್ಲಿಷಿನ ‘ಟ್ಯಾಮರಿಂಡ್’ ಎಂಬುದು ಅದರಿಂದಲೇ ಹುಟ್ಟಿದ ಹೆಸರು.

ಕೇರಳದ ಹಿತ್ತಿಲುಗಳಲ್ಲಿ ಹುಣಿಸೆಯ ಮರ ಇಲ್ಲವೆಂದಲ್ಲ. ಆದರೆ ಅತಿಯಾಗಿ ಮಳೆ ಬೀಳುವ ನೆಲದಲ್ಲಿ ಈ ಮರಕ್ಕೆ ಎಲೆ ಹೆಚ್ಚು, ಕಾಯಿ ಕಡಿಮೆ. ಹೂ ಕಚ್ಚಿ ಕಾಯಿ ಮಾಗಬೇಕಾದರೆ ಅದಕ್ಕೆ ದೀರ್ಘವಾದ ಬೇಸಗೆ ಬೇಕು. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆಯಾದರೆ ಕೋಲಾರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಬಯಲಿನಲ್ಲಿ ಅದರ ಕಾಲುಭಾಗವಾಗುವುದೂ ಕಷ್ಟ. ಕೆರೆ ಬತ್ತಿ ರಾಗಿಯ ಪೈರು ಸುಟ್ಟುಹೋದ ವರ್ಷವೂ ಅಲ್ಲಿಯ ಹುಣಿಸೆ ಹಸುರಾಗಿ ನಿಂತಿರುವುದು. ಅದರ ತಾಯಿಬೇರು ನೆಲದಾಳಕ್ಕೆ ಇಳಿದು ತೇವವನ್ನು ಹುಡುಕಿ ತರುತ್ತದೆ. ಸಣ್ಣ ಸಣ್ಣ ಎಲೆಗಳು ಇರುಳಾದೊಡನೆ ಮಡಚಿಕೊಳ್ಳುತ್ತವೆ. ಕಲ್ಲುನೆಲವಾಗಲಿ, ಚೌಳುಮಣ್ಣಾಗಲಿ, ಅದಕ್ಕೆ ವಿಶೇಷವಾದ ಆಕ್ಷೇಪಣೆಯಿಲ್ಲ.

ಈ ಬೇರಿನ ಬಲಕ್ಕೆ ಚರಿತ್ರೆಯಲ್ಲಿ ಒಂದು ಸಾಕ್ಷ್ಯವುಂಟು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದು ನಗರದ ಸಹಸ್ರಾರು ಮಂದಿ ಮಡಿದಾಗ, ಅಫ್ಜಲ್‌ಗಂಜಿನ ಒಂದು ಹುಣಿಸೆಯ ಮರವನ್ನೇರಿ ಸುಮಾರು 150 ಮಂದಿ ಪ್ರಾಣ ಉಳಿಸಿಕೊಂಡರು. ಮನೆಗಳು ಕೊಚ್ಚಿಹೋದವು, ಮರ ಅಲುಗಲಿಲ್ಲ. ಹುಣಿಸೆಯಲ್ಲಿ ದೆವ್ವವಿದೆಯೆಂದು ಮಕ್ಕಳನ್ನು ಹೆದರಿಸುವ ನಮ್ಮ ಹಿರಿಯರಿಗೆ ಈ ಸಂಗತಿಯನ್ನು ಯಾರಾದರೂ ತಿಳಿಸಬೇಕು.

ಮೇ ತಿಂಗಳಿನ ನಂತರ ಹಳದಿಯ ಮೇಲೆ ಕೆಂಪು ಗೆರೆಯುಳ್ಳ ಪುಟ್ಟ ಹೂಗಳು ಬರುವುವು. ಕಾಯಿ ಬಲಿತು ಹಣ್ಣಾಗಲು ಎಂಟು-ಹತ್ತು ತಿಂಗಳು ಬೇಕು. ಹೀಗಾಗಿ ಕೊಯ್ಲು ಜನವರಿಯಿಂದ ಏಪ್ರಿಲಿನವರೆಗೆ. ಗ್ರಾಮದ ಗುಂಡುತೋಪಿನಲ್ಲಿಯೂ ಸಾಲುರಸ್ತೆಯ ಬದಿಯಲ್ಲಿಯೂ ಇರುವ ಮರಗಳ ಫಸಲನ್ನು ಹರಾಜಿನಲ್ಲಿ ಹಿಡಿಯುವ ಗುತ್ತಿಗೆದಾರರಿರುವರು. ಅವರ ಕೈಕೆಳಗಿನ ಆಳು ಮರದ ತುದಿಗೇರಿ ಕೊಂಬೆಯನ್ನು ಬಡಿಯಬೇಕು. ಕಾಲು ತಪ್ಪಿದರೆ ಅವನ ಸಂಸಾರವನ್ನು ಕೇಳುವವರಿಲ್ಲ. ಕೆಳಗೆ ಬಿದ್ದುದನ್ನು ಆಯ್ದು, ಒಣಗಿಸಿ, ಸಿಪ್ಪೆ ಬಿಡಿಸಿ, ಕೊಡತಿಯಿಂದ ಕುಟ್ಟಿ ಬೀಜ ತೆಗೆಯುವವರು ಹೆಂಗಸರು. ಅವರಿಗೆ ಸಿಗುವುದು ಕಿಲೋ ಲೆಕ್ಕದ ಕೂಲಿ. ಹಣ್ಣಿನ ತೂಕದಲ್ಲಿ ಸರಿಸುಮಾರು ಅರ್ಧ ಪಾಲು ತಿರುಳಾದರೆ ಮೂರನೆಯ ಒಂದು ಪಾಲು ಬೀಜವೇ ಆಗಿರುವುದರಿಂದ, ಅವರ ಕೈಯಲ್ಲಿ ಹಾದುಹೋಗುವ ಭಾರಕ್ಕೂ ಅವರಿಗೆ ಕೂಲಿ ದೊರೆಯುವ ಭಾರಕ್ಕೂ ಎಷ್ಟು ಅಂತರವೆಂಬುದನ್ನು ವಾಚಕರೇ ಊಹಿಸಬಹುದು. ಚಾಲೆ ಬಾಜಾರಿನಲ್ಲಿಯೋ ಮಟ್ಟಂಚೇರಿಯಲ್ಲಿಯೋ ಕಿಲೋಗೆ ಎರಡು ರೂಪಾಯಿ ಇಳಿಸೆಂದು ಚೌಕಾಶಿ ಮಾಡುವಾಗ ಆ ಎರಡು ರೂಪಾಯಿ ಕೊನೆಗೆ ಯಾರ ಸೆರಗಿನಿಂದ ಹೋಗುವುದೆಂದು ಮಂಡಿಯ ಸೇಠರು ನಮಗೆ ಹೇಳುವುದಿಲ್ಲ.

ಗಡಿಯಾಚೆ ಆಂಧ್ರದ ಹಿಂದೂಪುರದ ಮಾರುಕಟ್ಟೆ ಹುಣಿಸೆಗೆ ಹೆಸರಾದುದು. ನಮ್ಮ ಪಾವಗಡ, ಮಧುಗಿರಿ ಕಡೆಯ ಜನಕ್ಕೆ ಅದು ನೆರೆಮನೆಯಿದ್ದಂತೆ. ಅಲ್ಲಿ ಮೇಲ್ತರದ ಮಾಲಿಗೆ ‘ಕರಿಪುಳಿ’ ಎಂದು ಹೆಸರು. ಮಾಲು ಎಷ್ಟೇ ಮೇಲ್ತರದ್ದಾದರೂ ಕೊಚ್ಚಿಯ ಮಳೆಗಾಲದಲ್ಲಿ ಉಗ್ರಾಣದ ಮೂಲೆಯಲ್ಲಿ ತೆರೆದಿಟ್ಟರೆ ಬೆವರತೊಡಗುವುದು. ಹಣ್ಣಿನ ಸಕ್ಕರೆಯ ಅಂಶವೂ, ಕೆಡದಿರಲೆಂದು ಬೆರೆಸಿದ ಉಪ್ಪೂ ಗಾಳಿಯ ತೇವವನ್ನು ಎಳೆದುಕೊಳ್ಳುವುದೇ ಅದಕ್ಕೆ ಕಾರಣ. ಪಿಂಗಾಣಿಯ ಭರಣಿಯಲ್ಲಿ ಅದುಮಿ ತುಂಬಿ ಬಾಯಿ ಬಿಗಿದು ಇಡುವುದೇ ಕ್ಷೇಮ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಿಸೆಯನ್ನು ನೆನೆಹಾಕುವ ಪದ್ಧತಿಯನ್ನು ನಮ್ಮ ಹುಡುಗರು ಬಿಡುವುದು ಲೇಸು. ಅದರ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲವು ಲೋಹವನ್ನು ಕರಗಿಸುತ್ತದೆ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವುದೂ, ಕಿಲುಬು ಹಿಡಿದ ತಾಮ್ರದ ಹಂಡೆಯನ್ನು ಹುಣಿಸೆಯಿಂದ ಉಜ್ಜಿ ಬೆಳಗುವುದೂ ಇದೇ ಗುಣದ ಎರಡು ಮುಖಗಳು.

ಹಣ್ಣೊಂದೇ ಈ ಮರದ ಕೊಡುಗೆಯಲ್ಲ. ಚಿಗುರು ಸಾರಿಗಾಗುವುದು. ಬೀಜವನ್ನು ಒಡೆದು ಚೌಕಾಬಾರ ಆಡದ ಹಳ್ಳಿಯ ಮಕ್ಕಳಿಲ್ಲ. ಬರಗಾಲದಲ್ಲಿ ಅದನ್ನೇ ಹುರಿದು, ನೆನೆಸಿ, ತಿಂದು ಜೀವ ಹಿಡಿದ ಜನರೂ ಉಂಟು. ಇಂದು ಬೀಜದ ಹಿಟ್ಟು ಬಟ್ಟೆಯ ಗಿರಣಿಗಳಿಗೆ ನೂಲಿನ ಗಂಜಿಯಾಗಿ ಹೋಗುತ್ತದೆ. ಅದೇ ಬೀಜವನ್ನು ಕಪ್ಪಗೆ ಹುರಿದು ಪುಡಿಮಾಡಿ ಕಾಫಿಪುಡಿಗೆ ಬೆರೆಸುವ ಧೂರ್ತರೂ ಇರುವರು. ಚಿಕೋರಿ ಬೆರೆಸುವುದಕ್ಕೆ ಕಾನೂನಿನ ಒಪ್ಪಿಗೆಯುಂಟು, ಇದಕ್ಕಿಲ್ಲ. ಅಗ್ಗದ ಪುಡಿಯ ಆಸೆ ತೋರಿಸುವ ದಲ್ಲಾಳಿಯನ್ನು ಗಲ್ಲಾದಲ್ಲಿ ಕುಳಿತವರು ಬಾಗಿಲಿನಿಂದಲೇ ಕಳುಹಿಸಲಿ. ಮರದ ತಿರುಳಂತೂ ಕಲ್ಲಿನಂತಹುದು: ಒನಕೆ, ಗಾಣ, ಮಾಂಸ ಕಡಿಯುವ ಕೊರಡು ಎಲ್ಲವೂ ಅದರಿಂದ ಆಗುವುವು. ಸೌದೆಯಾಗಿಯೂ ಇದ್ದಲಾಗಿಯೂ ಅದರ ಕಾವು ಬಲು ಹೆಚ್ಚು.

ಈ ಕೊನೆಯ ಗುಣವೇ ಅದಕ್ಕೆ ಶತ್ರುವಾಗಿದೆ. ಹೆದ್ದಾರಿಗಳನ್ನು ಅಗಲಿಸುವಾಗ ಹಳೆಯ ಮೈಸೂರು ಸೀಮೆಯ ಎಷ್ಟೋ ಸಾಲುಮರಗಳು ಕೊಡಲಿಗೆ ಬಲಿಯಾದವು. ಬೆಂಗಳೂರಿನ ಸುತ್ತಲಿನ ಗುಂಡುತೋಪುಗಳು ನಿವೇಶನಗಳಾದವು. ಮರವನ್ನು ಕಡಿಯುವಾಗ ದಿಮ್ಮಿಯ ಬೆಲೆಯನ್ನು ಲೆಕ್ಕಹಾಕುವರೇ ಹೊರತು ಮುಂದಿನ ನೂರು ವರ್ಷಗಳ ಹಣ್ಣಿನ ಬೆಲೆಯನ್ನಲ್ಲ. ಬಲಿತ ಮರವೊಂದು ಒಳ್ಳೆಯ ವರ್ಷದಲ್ಲಿ 150 ಕಿಲೋಗೂ ಮೇಲ್ಪಟ್ಟು ಕಾಯಿ ಕೊಡುವುದು. ಅದೂ ನೀರು ಗೊಬ್ಬರಗಳನ್ನು ಬೇಡದೆ, ಬೇರೆ ಬೆಳೆ ಕೈಕೊಟ್ಟ ವರ್ಷದಲ್ಲಿಯೂ. ‘ಹುಣಿಸೆಗೆ ಮುಪ್ಪಾದರೆ ಹುಳಿಗೆ ಮುಪ್ಪೇ’ ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ.

ಗಾದೆಯನ್ನು ಕಣ್ಣಾರೆ ಕಾಣಬೇಕೆಂಬವರು ದೇವನಹಳ್ಳಿ ತಾಲೂಕಿನ ನಲ್ಲೂರಿಗೆ ಹೋಗಬೇಕು. ಅಲ್ಲಿ ಸುಮಾರು 53 ಎಕರೆಯ ತೋಪಿನಲ್ಲಿ 300ರಷ್ಟು ಹಳೆಯ ಹುಣಿಸೆಯ ಮರಗಳಿವೆ. ಸ್ಥಳೀಯರು ಅವನ್ನು ಚೋಳರ ಕಾಲದವೆನ್ನುವರು. ವಿಜ್ಞಾನಿಗಳು ಒಂದು ಮರವನ್ನು ಪರೀಕ್ಷಿಸಿ, ವಯಸ್ಸು ನಾಲ್ಕುನೂರು ವರ್ಷಗಳಿಗೂ ಹೆಚ್ಚೆಂದು ಕಂಡುಕೊಂಡರು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ 2007ರಲ್ಲಿ ಈ ತೋಪನ್ನು ಪಾರಂಪರಿಕ ತಾಣವೆಂದು ಸಾರಲಾಯಿತು. ಇಡೀ ಭಾರತದಲ್ಲಿ ಆ ಗೌರವ ಪಡೆದ ಪ್ರಥಮ ಸ್ಥಳವದು. ಮರುವರ್ಷವೇ ಅದೇ ತಾಲೂಕಿನಲ್ಲಿ ದೊಡ್ಡ ವಿಮಾನನಿಲ್ದಾಣ ತೆರೆಯಿತು. ಭೂಮಿಯ ಬೆಲೆ ಏರಿದುದನ್ನು ಹೇಳಬೇಕಾಗಿಲ್ಲ. ಆ ಕಡೆಯ ಹೆದ್ದಾರಿಯಲ್ಲೇ ಹುಣಸಮಾರನಹಳ್ಳಿ ಎಂಬ ಊರಿದೆ. ಹುಣಿಸೆಯ ನೆನಪನ್ನು ತರುವ ಹೆಸರಿನ ಊರುಗಳು ನಮ್ಮ ನಾಡಿನಲ್ಲಿ ಇನ್ನೂ ಎಷ್ಟೋ.

ರಜೆಯ ಮೇಲೆ ಊರಿಗೆ ಹೋಗುವ ನಮ್ಮ ಬಯಲುಸೀಮೆಯ ವಾಚಕರಲ್ಲಿ ತುಂಡು ಹೊಲವುಳ್ಳವರು ಹಲವರು. ಮರದ ಕೆಳಗೆ ಪೈರು ಹುಲುಸಾಗಿ ಬಾರದೆಂಬುದು ರೈತರ ಅನುಭವವಾದುದರಿಂದ, ಇದನ್ನು ಹೊಲದ ನಡುವೆ ನೆಡದೆ ಬದುವಿನಲ್ಲಿಯೋ ಪಾಳುನೆಲದಲ್ಲಿಯೋ ಹತ್ತು ಮೀಟರಿಗೆ ಒಂದರಂತೆ ನೆಡಬೇಕು. ಬೀಜದ ಸಸಿ ಕಾಯಿ ಬಿಡಲು ಎಂಟು-ಹತ್ತು ವರ್ಷ ಹಿಡಿಯುವುದು. ಅಷ್ಟು ಕಾಯಲಾರದವರಿಗೆ, ತಮಿಳುನಾಡಿನ ಪೆರಿಯಕುಳಂ ತೋಟಗಾರಿಕೆ ಕಾಲೇಜಿನವರು ಹೊರತಂದ ‘ಪಿ.ಕೆ.ಎಂ. 1’ ಎಂಬ ತಳಿಯ ಕಸಿಗಿಡ ನಾಲ್ಕೈದು ವರ್ಷಗಳಲ್ಲಿಯೇ ಫಸಲಿಗೆ ಬರುವುದು. ಮುಂಗಾರಿನ ಮೊದಲ ಹದಮಳೆಗೆ ನೆಟ್ಟು, ಎರಡು ಬೇಸಗೆ ಕೊಡದಲ್ಲಿ ನೀರು ಹೊಯ್ದು, ದನಕರು ಬಾಯಿಹಾಕದಂತೆ ಮುಳ್ಳಿನ ಬೇಲಿ ಕಟ್ಟಿದರೆ ಸಾಕು. ಮೂರನೆಯ ಬೇಸಗೆಯಲ್ಲಿ ಅದು ತನ್ನ ನೀರನ್ನು ತಾನೇ ಹುಡುಕಿಕೊಳ್ಳುವುದು.