ಅಂಕೋಲೆಯ ಕೌದಿ ಅಂಗಡಿಯಲ್ಲಿ ಒಂದು ಲೆಕ್ಕ

ಕಾರವಾರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ಸಾಗಿದರೆ ಅಂಕೋಲೆ ದೊರೆಯುತ್ತದೆ. 1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಈ ಪಟ್ಟಣದಿಂದಲೇ ಘಟ್ಟವನ್ನೇರಿ ಯಲ್ಲಾಪುರದ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ 52 ಆರಂಭವಾಗುತ್ತದೆ. ಕಾರವಾರದ ಕಡಲತೀರವನ್ನು ನೋಡಿ ಊರಿಗೆ ಮರಳುವ ಬಯಲುಸೀಮೆಯ ಪ್ರವಾಸಿಗರು ಘಟ್ಟವನ್ನೇರುವ ಮುನ್ನ ಚಹಾಕ್ಕೆಂದು ಇಲ್ಲಿ ಇಳಿಯುವುದುಂಟು.

ಹಾಗೆ ಇಳಿದ ಧಾರವಾಡದ ಕಡೆಯ ದಂಪತಿಗಳಿಬ್ಬರು ಪೇಟೆಯ ಒಂದು ಹಾಸಿಗೆ ಅಂಗಡಿಯ ಮುಂದೆ ನಿಂತರು. ಹತ್ತಿಯ ಗಾದಿ, ದಿಂಬುಗಳ ನಡುವೆ ಹಗ್ಗದ ಮೇಲೆ ಮೂರು ಕೌದಿಗಳು ತೂಗುತ್ತಿದ್ದವು. ಬೆಲೆ ತಲಾ 1,500 ರೂಪಾಯಿ. "ಹಳೇ ಬಟ್ಟೆಗೆ ಇಷ್ಟು ದುಡ್ಡೇ? ನಮ್ಮ ತಾಯಿ ಮನೆಯಲ್ಲೇ ಹೊಲಿಯುತ್ತಿದ್ದರು" ಎಂದು ಪತಿ 1,200ಕ್ಕೆ ಕೇಳಿದರು. ಪತ್ನಿಯ ಪ್ರಶ್ನೆ ಬೇರೆಯಾಗಿತ್ತು. ತೀರಿಹೋದ ಅತ್ತೆಯವರ ಹತ್ತಾರು ನೂಲಿನ ಸೀರೆಗಳು ಮನೆಯಲ್ಲಿವೆ. ಅವನ್ನು ಕಳುಹಿಸಿದರೆ ಕೌದಿ ಹೊಲಿಸಿಕೊಡಲು ಮಜೂರಿ ಎಷ್ಟಾಗುತ್ತದೆ? ಅಂಗಡಿಯಾತ ಚೌಕಾಶಿಗೆ ಒಡನೆ ಉತ್ತರ ಕೊಟ್ಟನು. ಈ ಪ್ರಶ್ನೆಗೆ ಮಾತ್ರ ಅವನಲ್ಲಿ ಉತ್ತರವಿರಲಿಲ್ಲ. ಕೌದಿಯ ಮಾರಾಟ ದರ ಅವನ ಪುಸ್ತಕದಲ್ಲಿತ್ತು. ಹೊಲಿಗೆಯ ದರವನ್ನು ಅವನು ಎಂದೂ ಬರೆದಿರಲಿಲ್ಲ.

ಈ ಒಂದು ಖಾಲಿ ಜಾಗವೇ ಕೌದಿ ವ್ಯಾಪಾರದ ಮೂಲ ಸಮಸ್ಯೆಯಾಗಿದೆ.

ಹತ್ತಿಗೂ ಈ ದಾರಿಗೂ ಇರುವ ನಂಟು ಹಳೆಯದು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಆಧಿಪತ್ಯದಿಂದ ಬೇರ್ಪಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಲಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನ ಮೂಲಕ ಸಾಗಿಸಬೇಕೆಂಬ ಒತ್ತಾಯ ಅದರ ಹಿಂದಿತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ (1861–65) ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ದುರ್ಲಭವಾಗಿದ್ದ ಕಾಲವದು. ಮುಂದೆ ಮಾರ್ಮಗೋವಾ ಬಂದರಿಗೆ ರೈಲು ಬಂದ ಮೇಲೆ ಆ ವ್ಯಾಪಾರ ಅತ್ತ ಸರಿಯಿತು. ಅಂದು ಘಟ್ಟವಿಳಿಯುತ್ತಿದ್ದುದು ಅರಳೆ. ಇಂದು ಅಲ್ಪ ಪ್ರಮಾಣದಲ್ಲಿ ಇಳಿಯುತ್ತಿರುವುದು ಉಟ್ಟು ಸವೆದ ಬಟ್ಟೆಯಿಂದಾದ ಕೌದಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿ ಕೌದಿ ಹೊಲಿಗೆಗೆ ಹೆಸರಾದವರು ಸಿದ್ದಿ ಸಮುದಾಯದ ಮಹಿಳೆಯರು. ಆಫ್ರಿಕಾ ಮೂಲದ ಈ ಸಮುದಾಯವನ್ನು ಉತ್ತರ ಕನ್ನಡದಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯ ಮಾಡಲಾಯಿತು. ಅವರು ಕೌದಿಯನ್ನು ಕವಂದಿ ಎನ್ನುತ್ತಾರೆ. ತಳಕ್ಕೆ ಒಂದು ಸೀರೆಯನ್ನು ಹಾಸಿ, ಅಂಚಿನಿಂದ ಆರಂಭಿಸಿ, ತುಂಡುಗಳನ್ನು ಮಡಿಚಿ ಇಡುತ್ತ, ಓಡುಹೊಲಿಗೆಯಲ್ಲಿ ಸುತ್ತುಸುತ್ತಾಗಿ ನಡುವಿನತ್ತ ಸಾಗುವುದು ಅವರ ಕ್ರಮ. ನಾಲ್ಕು ಮೂಲೆಗಳಿಗೆ ತ್ರಿಕೋನಾಕಾರದ 'ಫೂಲ'ಗಳನ್ನಿಡದಿದ್ದರೆ ಕವಂದಿ ಪೂರ್ಣವಾಯಿತೆಂದು ಅವರು ಭಾವಿಸುವುದಿಲ್ಲ. ಕೆಲವರು ತಮ್ಮ ಮತಕ್ಕನುಸಾರವಾಗಿ ಶಿಲುಬೆಯನ್ನೋ ಅರ್ಧಚಂದ್ರವನ್ನೋ ಸೇರಿಸುವುದೂ ಉಂಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರ ಅಧ್ಯಯನದ ಫಲವಾಗಿ ಈ ಕವಂದಿಗಳು 2011ರಲ್ಲಿ ಅಮೆರಿಕದಲ್ಲಿ ಪ್ರದರ್ಶನಗೊಂಡವು. ಅಲ್ಲಿ ಕಲಾಕೃತಿಯೆನಿಸಿದ ವಸ್ತು ಇಲ್ಲಿ ಹಳೇ ಬಟ್ಟೆಯೆನಿಸುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ದೊಡ್ಡ ಕೌದಿಗೆ 60 ಗಂಟೆಗಳ ಹೊಲಿಗೆ ಬೇಕೆಂದು ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. 1,500 ರೂಪಾಯಿ ಬೆಲೆಯಲ್ಲಿ ದಾರ, ತಳದ ಬಟ್ಟೆ, ಸಾಗಾಟಕ್ಕೆ 300 ಮತ್ತು ಅಂಗಡಿಯ ಪಾಲಿಗೆ 300 ಕಳೆದರೆ ಉಳಿಯುವುದು 900. ಅಂದರೆ ಗಂಟೆಗೆ 15 ರೂಪಾಯಿ. ಗಿರಾಕಿ 1,200ಕ್ಕೆ ಇಳಿಸಿದರೆ ದಾರದ ಬೆಲೆ ಇಳಿಯುವುದಿಲ್ಲ, ಅಂಗಡಿಯ ಬಾಡಿಗೆಯೂ ಇಳಿಯುವುದಿಲ್ಲ. ಆ 300 ರೂಪಾಯಿ ಪೂರ್ಣವಾಗಿ ಹೊಲಿದವಳ ಪಾಲಿನಿಂದಲೇ ಹೋಗಿ, ಗಂಟೆಗೆ 10 ರೂಪಾಯಿ ಉಳಿಯುತ್ತದೆ. ಬೆಲೆಯಲ್ಲಿ ಶೇಕಡಾ 20ರ ಇಳಿತ, ಕೂಲಿಯಲ್ಲಿ ಶೇಕಡಾ 33ರ ಇಳಿತವಾಗುತ್ತದೆ. ಅದೇ ಗಂಟೆಗೆ 50 ರೂಪಾಯಿಯಂತೆ ಮಜೂರಿ ಹಿಡಿದರೆ ಹೊಲಿಗೆಗೇ 3,000, ದಾರ ಮುಂತಾದವುಗಳಿಗೆ 300, ಅಂಗಡಿಗೆ 500, ಒಟ್ಟು 3,800 ರೂಪಾಯಿಯಾಗುತ್ತದೆ.

ಇತರ ಸರಕುಗಳಲ್ಲಿ ಕಚ್ಚಾಮಾಲಿನ ಬೆಲೆಯೇ ಲೆಕ್ಕದ ಆಧಾರ. ಕೌದಿಯಲ್ಲಿ ಕಚ್ಚಾಮಾಲಿಗೆ ಬೆಲೆಯೇ ಇಲ್ಲದಿರುವುದರಿಂದ ಇಡೀ ವಸ್ತುವಿಗೇ ಬೆಲೆಯಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ಮನೆಯಲ್ಲಿ ತಾಯಿ ಹೊಲಿದದ್ದಕ್ಕೆ ಯಾರೂ ಕೂಲಿ ಕೊಟ್ಟಿರಲಿಲ್ಲವೆಂಬುದೂ ಈ ಭ್ರಮೆಗೆ ಪೋಷಕವಾಗಿದೆ.

ತೆರಿಗೆಯ ದೃಷ್ಟಿಯಿಂದಲೂ ಎರಡು ಅಂಶಗಳನ್ನು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿ.ಎಸ್.ಟಿ. ದರಗಳಂತೆ 2,500 ರೂಪಾಯಿ ಮೀರದ ಹತ್ತಿ ಕೌದಿಗೆ ಶೇಕಡಾ 5, ಮೀರಿದ್ದಕ್ಕೆ ಶೇಕಡಾ 18 ತೆರಿಗೆ. ನೋಂದಾಯಿತ ಅಂಗಡಿಯೊಂದು ಇದನ್ನು 1,500ಕ್ಕೆ ಮಾರಿದರೆ ತೆರಿಗೆ 75 ರೂಪಾಯಿ. ನ್ಯಾಯವಾದ ಮಜೂರಿ ಸೇರಿಸಿ 3,800ಕ್ಕೆ ಮಾರಿದರೆ 684 ರೂಪಾಯಿ. ಕೂಲಿಯನ್ನು ಸರಿಯಾಗಿ ಕೊಟ್ಟಷ್ಟೂ ತೆರಿಗೆ ಏರುವ ಈ ವ್ಯವಸ್ಥೆ ಕೈಕಸುಬಿಗೆ ಪ್ರತಿಕೂಲವಾದುದು. ಎರಡನೆಯದಾಗಿ, ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಅಗತ್ಯವಿಲ್ಲ. ಗಿರಾಕಿಯ ಸೀರೆಗಳನ್ನು ಪಡೆದು ಹೊಲಿಸಿಕೊಡುವುದಾದರೆ ಅದು ಸೇವೆಯೆನಿಸುತ್ತದೆ. ಆಗ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಸಣ್ಣ ಅಂಗಡಿಗಳು ಈ ಮಿತಿಯನ್ನು ಮುಟ್ಟುವುದು ವಿರಳವಾದರೂ ಎರಡು ಬಗೆಯ ಆದಾಯವನ್ನು ಬೇರೆ ಬೇರೆ ಬರೆದಿಡುವುದು ಲೇಸು.

ಪರಿಹಾರ ಕಷ್ಟಸಾಧ್ಯವಾದುದಲ್ಲ. ಹೊಲಿಯುವವರು ದಿನದ ಗಂಟೆಗಳನ್ನು ಒಂದು ಚೀಟಿಯಲ್ಲಿ ಗುರುತಿಸಬೇಕು; ಆ ಚೀಟಿ ಕೌದಿಯೊಡನೆ ಅಂಗಡಿಗೆ ಬರಬೇಕು; ಅಂಗಡಿಯವರು ಅದನ್ನು ಬೆಲೆಯ ಪಟ್ಟಿಯೊಡನೆ ಗಿರಾಕಿಗೆ ತೋರಿಸಬೇಕು. ಮುಂಗಡವಾಗಿ ಅರ್ಧ ಮಜೂರಿ ಪಡೆದು ಹೊಲಿಯುವವರಿಗೆ ತಲುಪಿಸಿದರೆ, ಕೌದಿ ಮಾರಾಟವಾಗುವವರೆಗೆ ಅವರು ಕಾಯಬೇಕಾದ ಪ್ರಮೇಯ ತಪ್ಪುತ್ತದೆ. ಕಾರವಾರ, ಅಂಕೋಲೆಗಳ ಹೋಟೆಲು ಮತ್ತು ಹೋಮ್‌ಸ್ಟೇ ಮಾಲೀಕರು ಕೋಣೆಗೊಂದರಂತೆ ಕೌದಿ ಕೊಂಡರೂ ಸ್ಥಿರವಾದ ಬೇಡಿಕೆಯೊಂದು ನಿರ್ಮಾಣವಾದೀತು. ಕೈಹೊಲಿಗೆಯ ಕೌದಿಗಳಿಗೆ ಬೆಲೆಯ ಭೇದವಿಲ್ಲದೆ ಶೇಕಡಾ 5ರ ದರವನ್ನೇ ಅನ್ವಯಿಸುವಂತೆ ಜಿ.ಎಸ್.ಟಿ. ಮಂಡಳಿಗೆ ಮನವಿ ಸಲ್ಲಿಸುವ ಕಾರ್ಯವನ್ನು ವಾಣಿಜ್ಯೋದ್ಯಮ ಸಂಸ್ಥೆಗಳು ಕೈಗೆತ್ತಿಕೊಳ್ಳುವುದು ಅವಶ್ಯ.

ಅಂಕೋಲೆಯ ಅಂಗಡಿಯಲ್ಲಿ ಆ ದಿನ ಒಂದು ಕೌದಿ 1,500 ರೂಪಾಯಿಗೇ ಮಾರಾಟವಾಯಿತು. ಮೂಲೆಯ ಫೂಲವನ್ನು ಬೆರಳಿನಿಂದ ಮುಟ್ಟಿ ನೋಡಿದ ಪತಿ ಮತ್ತೆ ಚೌಕಾಶಿ ಮಾಡಲಿಲ್ಲ. ಅತ್ತೆಯವರ ಸೀರೆಗಳ ವಿಷಯ ಬಾಕಿ ಉಳಿಯಿತು. ಅಂಗಡಿಯಾತ ಅವರ ಫೋನ್ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಅದರ ಮುಂದೆ 'ಮಜೂರಿ' ಎಂದು ಬರೆದು ಮೊತ್ತದ ಜಾಗವನ್ನು ಖಾಲಿ ಬಿಟ್ಟನು. ಘಟ್ಟದ ಮೇಲಿನ ಹೆಂಗಸರನ್ನು ಕೇಳಿ ವಾರದೊಳಗೆ ತಿಳಿಸುವುದಾಗಿ ಹೇಳಿದನು.