ಪಾಳಿ ಮುಗಿಸಿ ಬಣ್ಣ ಹಚ್ಚಿದವರು: ದೊಡ್ಡಣ್ಣ, ಭದ್ರಾವತಿ ಮತ್ತು ಒಂದು ತಿಂಗಳ ಸಂಬಳ

ಇವತ್ತಿನ ಎಪಿಸೋಡ್‌ನಲ್ಲಿ ಹೀರೋ ಬಗ್ಗೆ ಮಾತಾಡಲ್ಲ. ಹೀರೋಯಿನ್ ಅಪ್ಪ, ಊರಗೌಡ, ಇನ್ಸ್‌ಪೆಕ್ಟರ್, ಮಂತ್ರಿ, ಜಿಪುಣ ಮಾವ... ಇವರೆಲ್ಲ ಆಗಿರೋ ಒಬ್ಬರ ಬಗ್ಗೆ ಮಾತಾಡೋಣ. ಅವರೇ ದೊಡ್ಡಣ್ಣ. ಎಂಬತ್ತರ ದಶಕದಿಂದ ಶುರುವಾಗಿ ನೂರಾರು ಕನ್ನಡ ಚಿತ್ರಗಳಲ್ಲಿ ಆ ಎತ್ತರ, ಆ ದೇಹ, ಆ ದನಿ ಇದೆ. ಟಿವಿ ಪಕ್ಕದ ರೂಮಲ್ಲಿ ಓಡ್ತಾ ಇದ್ದರೂ ಅವರ ಮಾತು ಕೇಳಿದ ತಕ್ಷಣ ನಮಗೆ ಗೊತ್ತಾಗುತ್ತೆ, ಅಲ್ವಾ?

ಇಂಥ ನಟರನ್ನ ಕನ್ನಡದಲ್ಲಿ ‘ಪೋಷಕ ನಟ’ ಅಂತೀವಿ. ಪೋಷಿಸುವವನು ಅಂತ ಅರ್ಥ. ಕಥೆಗೆ ಅನ್ನ ಹಾಕೋನು. ಆದರೆ ನಾನು ಕಾಮರ್ಸ್ ಓದಿದವನು, ನನ್ನ ತಲೇಲಿ ಬರೋ ಪ್ರಶ್ನೆ ಬೇರೆ: ಈ ಪೋಷಕನನ್ನ ಪೋಷಿಸಿದ್ದು ಯಾರು?

ಮೊದಲು ಲೆಕ್ಕ ನೋಡೋಣ. ಹೀರೋ ಒಂದು ಚಿತ್ರಕ್ಕೆ ತಿಂಗಳುಗಟ್ಟಲೆ ಕಾಲ್‌ಶೀಟ್ ಕೊಡ್ತಾರೆ. ಪೋಷಕ ನಟರದ್ದು ಕೆಲವೇ ದಿನ. ಉದಾಹರಣೆಗೆ ಒಂದು ಚಿತ್ರಕ್ಕೆ 8 ದಿನ ಅಂತ ಇಟ್ಕೊಳ್ಳಿ. ವರ್ಷಕ್ಕೆ 20 ಚಿತ್ರ ಸಿಕ್ಕರೆ 160 ದಿನ ಕೆಲಸ. ಒಂದು ಚಿತ್ರ ಮಕಾಡೆ ಮಲಗಿದರೂ ಇನ್ನೊಂದು ಇರುತ್ತೆ. ಷೇರು ಮಾರ್ಕೆಟ್ ಭಾಷೆಯಲ್ಲಿ ಹೇಳೋದಾದ್ರೆ ಹೀರೋ ಎಲ್ಲಾ ದುಡ್ಡನ್ನೂ ಒಂದೇ ಷೇರಿಗೆ ಹಾಕ್ತಾನೆ, ಪೋಷಕ ನಟ ಹಂಚಿ ಹಾಕ್ತಾನೆ. ಆದರೆ ಒಂದು ಷರತ್ತಿದೆ. ಆ 8 ದಿನದಲ್ಲಿ ಕಲಿಯೋಕೆ ಟೈಮ್ ಇಲ್ಲ. ಕಲಿತೇ ಬರಬೇಕು.

ಹಾಗಾದ್ರೆ ಕಲಿಯೋದು ಎಲ್ಲಿ? ದೊಡ್ಡಣ್ಣ ಅವರ ಉತ್ತರ ಭದ್ರಾವತಿ.

ಅವರು ಹುಟ್ಟಿದ್ದು 1949ರಲ್ಲಿ, ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ. ಅನ್ನ ಕೊಟ್ಟಿದ್ದು ಭದ್ರಾವತಿಯ ಉಕ್ಕಿನ ಕಾರ್ಖಾನೆ, ಅಂದ್ರೆ ನಾವು ವಿಐಎಸ್‌ಎಲ್ ಅಂತ ಕರೆಯೋ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ. ಅಲ್ಲಿ ನೌಕರಿ, ಜೊತೆಗೇ ನಾಟಕ. ಸಿನಿಮಾ ಬಂದಿದ್ದು ಆಮೇಲೆ.

ಈ ಊರನ್ನ ಸ್ವಲ್ಪ ಅರ್ಥ ಮಾಡ್ಕೊಬೇಕು. ಶಿವಮೊಗ್ಗದಿಂದ ಹೆಚ್ಚು ಕಡಿಮೆ 20 ಕಿಲೋಮೀಟರ್. ಹಳೇ ಹೆಸರು ಬೆಂಕಿಪುರ. ಮೈಸೂರು ಸಂಸ್ಥಾನ ಇಲ್ಲಿ 1918ರಲ್ಲಿ ಕಾರ್ಖಾನೆಗೆ ಅಡಿಪಾಯ ಹಾಕ್ತು, 1923ರಲ್ಲಿ ಕಬ್ಬಿಣ ಬರೋಕೆ ಶುರುವಾಯ್ತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿಂದ. 1936ರಲ್ಲಿ ಕಾಗದ ಕಾರ್ಖಾನೆ ಎಂಪಿಎಂ ಕೂಡ ಬಂತು. ಬೇರೆ ಬೇರೆ ಜಿಲ್ಲೆಯವರು, ತಮಿಳರು, ತೆಲುಗರು ಎಲ್ಲಾ ಬಂದು ಸೇರಿದರು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ. ಪಾಳಿಯ ಪ್ರಕಾರ ಕೆಲಸ, ತಿಂಗಳಾದರೆ ಸಂಬಳ. 1965ರಲ್ಲಿ ಆಕಾಶವಾಣಿ ಕೇಂದ್ರ ಕೂಡ ಬಂತು. ಬರೀ ದನಿಯಲ್ಲೇ ಜನರನ್ನ ಕೂರಿಸೋ ವಿಷಯದಲ್ಲಿ ಅದು ನಮ್ಮ ಪಾಡ್‌ಕಾಸ್ಟ್‌ಗಳಿಗೆ ಅಜ್ಜಿ ಇದ್ದಂಗೆ!

ಇಲ್ಲೇ ವಿಷಯ ಇರೋದು. ಹವ್ಯಾಸಿ ನಾಟಕ ದುಡ್ಡು ಕೊಡಲ್ಲ, ದುಡ್ಡು ತಿನ್ನುತ್ತೆ. ಹಳೇ ಮೈಸೂರು ಕಡೆ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವಾಗ ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕ್ತಾರೆ. ಪಾತ್ರ ದೊಡ್ಡದಾದಷ್ಟೂ ಪಾಲೂ ದೊಡ್ಡದು. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನ್ಸ್‌ಗೆ, ಡ್ರೆಸ್ಸಿಗೆ ಎಲ್ಲಾ ಖರ್ಚು. ನಟನೆ ಅನ್ನೋದು ಅಲ್ಲಿ ಆದಾಯ ಅಲ್ಲ, ಖರ್ಚಿನ ಬಾಬತ್ತು. ಅದನ್ನ ವರ್ಷಗಟ್ಟಲೆ ಮಾಡಬೇಕಂದ್ರೆ ಮನೇಲಿ ಒಲೆ ಉರೀತಾ ಇರಬೇಕು. ಕಾರ್ಖಾನೆ ಸಂಬಳ ಮಾಡಿದ ಕೆಲಸ ಅದೇ.

ಸ್ಟೇಜ್ ಏನು ಕಲಿಸುತ್ತೆ? ಕೊನೇ ಸಾಲಿನವರಿಗೂ ಮಾತು ತಲುಪಬೇಕು. ನಗು ಬಂದಾಗ ತಡೀಬೇಕು, ನಗು ಇಳಿಯೋ ಹೊತ್ತಿಗೆ ಮುಂದಿನ ಮಾತು ಬಿಡಬೇಕು. ಸಿನಿಮಾದಲ್ಲಿ ಎದುರಿಗೆ ಪ್ರೇಕ್ಷಕರೇ ಇರಲ್ಲ, ಆ ಲೆಕ್ಕ ತಲೆಯೊಳಗೇ ಇರಬೇಕು. 2012ರ ‘ಕಠಾರಿವೀರ ಸುರಸುಂದರಾಂಗಿ’ ನೋಡಿ. ಅಂಬರೀಶ್ ಯಮ, ದೊಡ್ಡಣ್ಣ ಚಿತ್ರಗುಪ್ತ. ಅಂದ್ರೆ ಯಮಲೋಕದ ಅಕೌಂಟೆಂಟ್, ನಮ್ಮ ಡಿಪಾರ್ಟ್‌ಮೆಂಟ್! ಆ ವೇಷ, ಆ ಏರು ದನಿ ಎರಡೂ ಪೌರಾಣಿಕ ನಾಟಕದ ಸ್ಟೇಜಿಂದ ನೇರವಾಗಿ ಬಂದಿರೋದು.

ತೆರೆಯ ಹಿಂದೆ ಅವರ ಇನ್ನೊಂದು ಪಾತ್ರ ಇದೆ. ಅಂಬರೀಶ್ ಜೊತೆ ಕಲಾವಿದರ ಸಂಘದಲ್ಲಿ ಓಡಾಡಿದವರು, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಸಂಘಕ್ಕೆ ಸ್ವಂತ ಕಟ್ಟಡ ಆಗೋಕೆ ದುಡಿದವರಲ್ಲಿ ಒಬ್ಬರು. ಕಾರ್ಮಿಕ ಸಂಘಗಳ ಊರಲ್ಲಿ ಬದುಕಿದವರಿಗೆ ಸಂಘ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದು ಒಬ್ಬರ ಕಥೆ ಮಾತ್ರ ಅಲ್ಲ. ಚಿತ್ರದುರ್ಗದ ದತ್ತಣ್ಣ ಅವರನ್ನ ತಗೊಳ್ಳಿ. ಎಂಜಿನಿಯರಿಂಗ್ ಓದಿ, ಎರಡು ದಶಕಕ್ಕೂ ಹೆಚ್ಚು ಕಾಲ ವಾಯುಪಡೆಯಲ್ಲಿ ಇದ್ದವರು. ನಾಟಕ ಜೊತೆಗೇ ಇತ್ತು. ಸಿನಿಮಾಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಆಮೇಲೆ ‘ಮುನ್ನುಡಿ’ ಚಿತ್ರಕ್ಕೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ. ಇಲ್ಲೂ ಅದೇ ಸೂತ್ರ: ಸಂಬಳ ಮೊದಲು, ಬಣ್ಣ ಜೊತೆಗೆ, ಸಿನಿಮಾ ನಿಧಾನಕ್ಕೆ.

ಈಗ ಕಹಿ ವಿಷಯ. ಎಂಪಿಎಂ ಯಂತ್ರಗಳು ನಿಂತು ವರ್ಷಗಳೇ ಆದವು. ವಿಐಎಸ್‌ಎಲ್ 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನ ಆಯ್ತು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚೋ ನಿರ್ಧಾರ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಒಂದು ವಿಭಾಗ ಮತ್ತೆ ಶುರುವಾದರೂ ಹಳೇ ಭದ್ರಾವತಿ ವಾಪಸ್ ಬರಲಿಲ್ಲ. ನ್ಯೂಸ್‌ನಲ್ಲಿ ಇದನ್ನ ಟನ್, ನಷ್ಟ, ಉದ್ಯೋಗ ಅಂತ ಲೆಕ್ಕ ಹಾಕ್ತಾರೆ. ಸರಿ. ಆದರೆ ಸಂಜೆ ರಿಹರ್ಸಲ್‌ಗೆ ಹೋಗೋ ಧೈರ್ಯ ಯಾವ ಬ್ಯಾಲೆನ್ಸ್ ಶೀಟಲ್ಲೂ ಬರಲ್ಲ.

ಹಾಗಂತ ದಾರಿ ಮುಚ್ಚಿಲ್ಲ. ಇದೇ ಜಿಲ್ಲೆಯ ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡ್ತಿದೆ. 1985ರಿಂದ ಅವರ ‘ತಿರುಗಾಟ’ ಊರೂರು ಸುತ್ತುತ್ತೆ. ಶಿವಮೊಗ್ಗದಲ್ಲಿ ಸರ್ಕಾರದ ರಂಗಾಯಣ ಇದೆ, ಅಲ್ಲಿ ಕಲಾವಿದರಿಗೆ ನಟನೆಯೇ ಕೆಲಸ. ಆದರೆ ಅಲ್ಲಿರೋ ಸೀಟು ಬೆರಳೆಣಿಕೆಯಷ್ಟು. ಕಾರ್ಖಾನೆಯಲ್ಲಿ ಹಾಗಿರಲಿಲ್ಲ. ಸಾವಿರಾರು ಜನ ದುಡೀತಿದ್ರು, ಆಸಕ್ತಿ ಇದ್ದವರು ಯಾರು ಬೇಕಾದರೂ ಸಂಜೆ ನಟ ಆಗಬಹುದಿತ್ತು.

ಇವತ್ತು ಆ ಕೆಲಸ ಯಾವುದು ಮಾಡುತ್ತೆ? ಡೆಲಿವರಿ ಆ್ಯಪ್‌ನಲ್ಲಿ ಗಾಡಿ ಓಡಿಸೋ ಹುಡುಗನಿಗೂ ನಟನೆ ಹುಚ್ಚು ಇರುತ್ತೆ. ಆದರೆ ಸಂಜೆ ಆರು ಗಂಟೆ ಅಂದ್ರೆ ಅವನಿಗೆ ಆರ್ಡರ್ ಜಾಸ್ತಿ ಬರೋ ಹೊತ್ತು. ರಿಹರ್ಸಲ್‌ಗೆ ಹೋದ್ರೆ ಆ ದಿನದ ದುಡ್ಡು ಖೋತಾ. ಪ್ರತಿಭೆ ಕಮ್ಮಿ ಆಗಿಲ್ಲ, ಸಂಜೆ ಕಮ್ಮಿ ಆಗಿದೆ.

ಮುಂದಿನ ಸಲ ಹಳೇ ಸಿನಿಮಾ ನೋಡುವಾಗ ಇಯರ್‌ಫೋನ್ ಹಾಕ್ಕೊಂಡು ಹೀರೋನ ಬಿಟ್ಟು ಪಕ್ಕದಲ್ಲಿ ನಿಂತಿರೋರ ಮಾತು ಕೇಳಿ. ಎಲ್ಲಿ ನಿಲ್ಲಿಸ್ತಾರೆ, ಎಲ್ಲಿ ಎತ್ತುತ್ತಾರೆ ಗಮನಿಸಿ. ನಿಮ್ಮೂರಲ್ಲಿ ನಾಟಕ ಇದ್ರೆ ಟಿಕೆಟ್ ತಗೊಂಡೇ ಹೋಗಿ, ಪಾಸ್ ಕೇಳಬೇಡಿ. ಮುಂದಿನ ವಾರ ಸಿಗೋಣ.