11 ತಿಂಗಳ ಕರಾರು, ಬಹುವರ್ಷದ ಬಸಳೆ

ವಾಕಡದಲ್ಲಿ ನಮ್ಮಂಥ ಐಟಿಯವರ ಬಾಡಿಗೆ ಕರಾರು 11 ತಿಂಗಳದ್ದು. ಎಂಟು ವರ್ಷಗಳಲ್ಲಿ ಮೂರು ಮನೆ ಬದಲಿಸಿದ್ದೇವೆ. ನಾಲ್ಕೈದು ವರ್ಷಗಳಿಂದ ನಮ್ಮ ಜೊತೆ ಮನೆ ಬದಲಿಸುತ್ತಿರುವುದು ಒಂದು ಬಸಳೆ ಬಳ್ಳಿ.

2020ರ ಮಾರ್ಚ್‌ 25ಕ್ಕೆ ಲಾಕ್‌ಡೌನ್‌ ಶುರುವಾದಾಗ ಅಕ್ಕಿ, ಬೇಳೆ ಡಬ್ಬಿಯಲ್ಲಿತ್ತು. ಇಲ್ಲದ್ದು ಸೊಪ್ಪು, ತರಕಾರಿ. ಬಾಲ್ಕನಿಯಲ್ಲಿ ಕೊತ್ತಂಬರಿ, ಮೆಂತ್ಯ ಬಿತ್ತಿದ್ದೆ. ಒಂದೆರಡು ಸಲ ಕೊಯ್ಯುವಷ್ಟರಲ್ಲಿ ಮುಗಿಯಿತು. ಬೀಜದ ಅಂಗಡಿಗೆ ಬೀಗ. ಶಿರಸಿಯಿಂದ ಫೋನಿನಲ್ಲಿ ಗೋಳು ಕೇಳಿಸಿಕೊಂಡ ಆಯಿ, ‘ನಮ್ಮ ಹಿತ್ತಲಲ್ಲಿ ನಾನು ವರ್ಷಾ ವರ್ಷಾ ಬಿತ್ತುವುದನ್ನು ನೋಡಿದ್ದೀಯಾ?’ ಎಂದಳು. ಹೌದಲ್ಲ! ಬಸಳೆ, ಒಂದೆಲಗ, ಚಕ್ರಮುನಿ, ದೊಡ್ಡಪತ್ರೆ, ನುಗ್ಗೆ, ಎಲ್ಲವೂ ಒಮ್ಮೆ ನೆಟ್ಟಿದ್ದು.

ಬಸಳೆ ಸಿಕ್ಕಿದ್ದು ಪಕ್ಕದ ಮನೆಯ ಮರಾಠಿ ಕಾಕೂ ಹತ್ತಿರ. ಅವರಿಗೆ ಅದು ‘ಮಾಯಾಳು’, ಎಲೆಯಿಂದ ಭಜಿ ಮಾಡುತ್ತಾರೆ. ಗೇಣುದ್ದದ ದಂಟಿನ ಎರಡು ಗಿಣ್ಣು ಮಣ್ಣೊಳಗೆ ಹೋದರೆ ಸಾಕು, ಬೇರು ಬರುತ್ತದೆ. ಮನೆ ಬದಲಿಸುವಾಗ ಕುಂಡ ಹೊರಬೇಕಿಲ್ಲ, ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ತುಂಡು ಸಾಕು. ಒಂದೆಲಗಕ್ಕೆ ತೇವ, ನೆರಳು ಬೇಕು. ಕುಡಿಯುವ ನೀರಿನ ಫಿಲ್ಟರ್‌ ಹೊರಚೆಲ್ಲುವ ನೀರನ್ನು ಹಾಕಿ ಎರಡು ಸಲ ಕೊಂದಿದ್ದೇನೆ. ಆ ನೀರಿನಲ್ಲಿ ಉಪ್ಪಿನಂಶ ಹೆಚ್ಚೆಂದು ಎಂಟೆಕ್‌ ಮಾಡಿದವನಿಗೆ ತಡವಾಗಿ ಹೊಳೆಯಿತು. ನುಗ್ಗೆಯನ್ನು 20 ಲೀಟರಿನ ಪೇಂಟ್‌ ಬಕೆಟ್ಟಿನಲ್ಲಿಟ್ಟು ಸೊಂಟದೆತ್ತರಕ್ಕೆ ಚಿವುಟುತ್ತೇವೆ. ಕಾಯಿಯ ಆಸೆ ಬಿಟ್ಟರೆ ಸೊಪ್ಪಿಗೆ ಮೋಸವಿಲ್ಲ. ಪುಣೆಯ ಚಳಿಗೆ ಮಾತ್ರ ಸೊರಗುತ್ತದೆ. ಚಕ್ರಮುನಿಯನ್ನು ಬೇಯಿಸಿಯೇ, ಹಿತಮಿತವಾಗಿ ತಿನ್ನಿ. ತೂಕ ಇಳಿಸಲೆಂದು ಅದರ ಹಸಿ ರಸ ಕುಡಿದ ತೈವಾನಿನ ಎಷ್ಟೋ ಜನ 1990ರ ದಶಕದಲ್ಲಿ ಶ್ವಾಸಕೋಶ ಕೆಡಿಸಿಕೊಂಡರು.

ಲೆಕ್ಕ ಹಾಕಿದೆ: ಮೂವರ ಸಂಸಾರಕ್ಕೆ ವಾರದಲ್ಲಿ ಎರಡು ದಿನದ ಹುಳಿ, ತಂಬುಳಿ. ಇದನ್ನು ಆಹಾರ ಭದ್ರತೆ ಎನ್ನಲು ನನಗೇ ನಾಚಿಕೆ. ಹೊಟ್ಟೆ ತುಂಬಿಸುವುದು ಹಲಸಿನಂಥ ಮರ. ಅದಕ್ಕೆ ಬಾಲ್ಕನಿ ಸಾಲದು, 11 ತಿಂಗಳೂ ಸಾಲದು. ಕಸಿ ಗಿಡವೇ ಫಲ ಕೊಡಲು ಮೂರ್ನಾಲ್ಕು ವರ್ಷ ಬೇಕು.

ಹಾಗಾಗಿ ಕಳೆದ ಮಳೆಗಾಲದಲ್ಲಿ ಎರಡು ಕಸಿ ಹಲಸು ತೆಗೆದುಕೊಂಡು ಊರಿಗೆ ಹೋದೆ. ಗುಂಡಿ ತೋಡುತ್ತಾ ಅಪ್ಪ ಕೇಳಿದರು, ‘ನಾವಿಬ್ಬರೇ ಇರುವುದು. ಕಾಯಿ ಬಿಟ್ಟಾಗ ಕೊಯ್ಯುವವರು ಯಾರು?’

ಉತ್ತರ ಹೊಳೆಯಲಿಲ್ಲ. ಗೊಬ್ಬರದ ಬುಟ್ಟಿ ಎತ್ತಿಕೊಟ್ಟೆ. ಈಗ ಪ್ರತಿ ಭಾನುವಾರದ ಫೋನಿನಲ್ಲಿ ಅಪ್ಪ ಮೊದಲು ಹೇಳುವುದು ಎಷ್ಟು ಹೊಸ ಎಲೆ ಬಂತು ಎಂದು.